ಆಯಿ ಎದ್ದದ್ದು ಹಲಗೆಗೆ ಗೊತ್ತು

ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಆಯಿ ಒಬ್ಬಳೇ. ರಾತ್ರಿ ಎದ್ದು ಹೊರಗೆ ಹೋದರೆ ಬೆಂಗಳೂರಿನಲ್ಲಿರುವ ನನಗೆ ತಿಳಿಯಲಿ ಎಂದು ಹಿತ್ತಿಲ ಬಾಗಿಲಿಗೆ ಸೆನ್ಸರ್ ಹಚ್ಚಿ ಬಂದಿದ್ದೆ. ಆಷಾಢ ಮುಗಿಯುವುದರೊಳಗೆ ಅದರ ಸದ್ದಡಗಿತು. ಚೌತಿಗೆ ಹೋದಾಗ ಬಿಚ್ಚಿ ನೋಡಿದರೆ ಸೆಲ್ಲು ಕೂರುವಲ್ಲಿ ಹಸಿರು ಕಿಲುಬು.

"ಸೆಲ್ ಇಲ್ದೇ ನಡೆಯ ನಮನಿದು ಸಿಕ್ತಿಲ್ಯನಾ ತಮಾ?"

ಅಂಥದ್ದು ಆಗ ಅವಳ ಕೈಯಲ್ಲೇ ಇತ್ತು: ಗ್ಯಾಸ್ ಲೈಟರ್. ಗುಂಡಿ ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆ ಪಿಂಗಾಣಿಯಂಥ ತುಂಡಿಗೆ ಬಡಿಯುತ್ತದೆ. ಆ ಒಂದೇ ಪೆಟ್ಟಿಗೆ ಸಾವಿರಾರು ವೋಲ್ಟ್ ಹುಟ್ಟಿ ಕಿಡಿ ಹಾರುತ್ತದೆ. ಒತ್ತಿದರೆ ವಿದ್ಯುತ್ ಕೊಡುವ ಈ ಪೀಜೋ ಗುಣವನ್ನು ಪಿಯೆರ್ ಕ್ಯೂರಿ ಮತ್ತು ಅವರ ಅಣ್ಣ ಜಾಕ್ 1880ರಲ್ಲಿ ಹರಳುಗಳಲ್ಲಿ ಕಂಡುಕೊಂಡರು.

ಮರದಲ್ಲೂ ಈ ಗುಣ ತುಸು ಇದೆ. ಆದರೆ ಮರ ಬಿರುಸು, ಒತ್ತಿದರೆ ಕುಗ್ಗುವುದಿಲ್ಲ. 2021ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಬಾಲ್ಸಾ ಮರಕ್ಕೆ ಬೇಕೆಂದೇ ಶಿಲೀಂಧ್ರ ಹಿಡಿಸಿದರು. ಹತ್ತು ವಾರ ಮರವನ್ನು ಬಿರುಸಾಗಿಡುವ ಲಿಗ್ನಿನ್ ಎಂಬ ಅಂಶ ತಿಂದು ಅದು ಮರವನ್ನು ಸ್ಪಂಜಿನಂತೆ ಮಾಡಿತು. ವೋಲ್ಟೇಜ್ 50 ಪಟ್ಟಿಗೂ ಹೆಚ್ಚು ಏರಿತು. ತೊಲೆ ಲಡ್ಡಾದರೆ ತಲೆ ಚಚ್ಚಿಕೊಳ್ಳುವ ನಮಗೆ ಇದು ವಿಚಿತ್ರವೇ ಸರಿ.

ಇಂಥ ಹಲಗೆಯೊಂದು ಮಂಚದ ಪಕ್ಕ ಇದ್ದರೆ ಸಾಕು. ಆಯಿ ಕಾಲಿಟ್ಟಾಗ ಹುಟ್ಟುವ ಮಿಡಿತವೇ ಸುದ್ದಿ. ಅದನ್ನು ಗಾಳಿಯಲ್ಲಿ ಕಳಿಸುವುದಕ್ಕೆ ಮಾತ್ರ ಒಂದು ಹೆಜ್ಜೆಯ ವಿದ್ಯುತ್ ಸಾಲದೇ ಹೋಗಬಹುದು. ನಾಲ್ಕಾರು ಹೆಜ್ಜೆಯದನ್ನು ಕೆಪಾಸಿಟರಿನಲ್ಲಿ ಕೂಡಿಟ್ಟು ಒಮ್ಮೆಲೇ ಖರ್ಚು ಮಾಡಬೇಕು.

ಇನ್ನೊಂದು ದಾರಿ ಉಜ್ಜುವುದು. ಎರಡು ಬೇರೆ ವಸ್ತುಗಳು ತಾಗಿ ಬಿಟ್ಟಾಗ ಒಂದರ ಎಲೆಕ್ಟ್ರಾನು ಇನ್ನೊಂದಕ್ಕೆ ಹೋಗುತ್ತದೆ. ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಝೊಂಗ್ ಲಿನ್ ವಾಂಗ್ ತಂಡ 2012ರಲ್ಲಿ ಇದರಿಂದ ಪುಟ್ಟ ಜನರೇಟರ್ ಮಾಡಿತು. ಬಟ್ಟೆ, ಪ್ಲಾಸ್ಟಿಕ್, ಕಾಗದ ಎಲ್ಲವೂ ನಡೆಯುತ್ತದೆ, ಅಗ್ಗ. ಬಹಳಷ್ಟು ಸಂಶೋಧಕರು ಇದರ ಬೆನ್ನಿಗೆ ಬಿದ್ದಿದ್ದಾರೆ. ನನಗೆ ಮಾತ್ರ ನಮ್ಮೂರಿನ ಮಳೆಗಾಲದ್ದೇ ಚಿಂತೆ. ಚಳಿಗಾಲದಲ್ಲಿ ತಲೆ ಬಾಚಿದ ಬಾಚಣಿಗೆ ಕಾಗದದ ಚೂರು ಎತ್ತುತ್ತದೆ. ಜುಲೈನಲ್ಲಿ ಬಾಚಿ ನೋಡಿ, ಕಾಗದ ಅಲುಗುವುದೂ ಇಲ್ಲ. ಮಳೆಗಾಲದ ಒದ್ದೆ ಗಾಳಿಯ ನೀರು ಮೇಲ್ಮೈಗೆ ಅಂಟಿ, ಹುಟ್ಟಿದ ವಿದ್ಯುದಂಶ ಸೋರಿಹೋಗುತ್ತದೆ. ಕಾರವಾರದ ಕಡಲಂಚಿನಲ್ಲಾದರೆ ಉಪ್ಪೂ ಸೇರುತ್ತದೆ. ನೀರು ನುಗ್ಗದಂತೆ ಸುತ್ತಲೂ ಮುಚ್ಚಿದರಷ್ಟೇ ಇಲ್ಲಿ ಬಾಳಿಕೆ. ಲೈಟರಿನ ಜಾತಿಯದಕ್ಕೆ ಈ ಕಾಟ ಕಡಿಮೆ, ಹಾಗಾಗಿ ನನ್ನ ಓಟು ಅದಕ್ಕೆ.

ಹಲಗೆ ಹೇಳಿದರೂ ಮುಂದೆ ಸಾಗಿಸಲು ವೈಫೈ ಬೇಕು. ಲೈನಿನ ಮೇಲೆ ಮರ ಬಿದ್ದು ಮೂರು ದಿನ ಕರೆಂಟಿಲ್ಲದಾಗ ಸುದ್ದಿ ಜಗಲಿ ದಾಟುವುದಿಲ್ಲ. ಸದ್ಯಕ್ಕೆ ಕಿಲುಬು ಉಜ್ಜಿ, ಹೊಸ ಸೆಲ್ ಹಾಕಿ, ತುದಿಗೆ ವ್ಯಾಸಲೀನ್ ಸವರಿ ಬಂದಿದ್ದೇನೆ.