ಚಾಕುವಿನ ಹಿಡಿಗೆ ಹಸಿ ಮರ ತರಬೇಡಿ

ತುಮಕೂರಿನಲ್ಲಿ ಕೈಯಿಂದ ಚಾಕು ಮಾಡಿಕೊಡುವುದು ನನ್ನ ಕಸುಬು. ನೋಡಲು ಬಂದವರ ಕಣ್ಣು ಮೊದಲು ಹೋಗುವುದು ಹಿಡಿಯ ಮೇಲೆ. ಅಲಗಿನ ಉಕ್ಕು ಯಾವುದು, ಹದ ಹೇಗೆ ಕೊಟ್ಟಿರಿ ಅಂತ ಕೇಳುವವರು ಕಡಿಮೆ. ಎಮ್ಮೆ ಕೊಂಬಿನ ಕಪ್ಪು ಹಿಡಿ ಕಂಡರೆ ಕೈ ತಾನಾಗಿ ಅತ್ತ ಹೋಗುತ್ತದೆ. ಗೋಣಿಚೀಲದ ಬಟ್ಟೆಯನ್ನು ಪದರ ಪದರವಾಗಿ ರೆಸಿನ್ ಅನ್ನುವ ಅಂಟು ದ್ರವದಲ್ಲಿ ಅದ್ದಿ, ಒತ್ತಿ ಗಟ್ಟಿ ಮಾಡಿದ ಹಿಡಿಯನ್ನು ಕೊಟ್ಟರೆ ‘ಇದು ಯಾವ ಮರ?’ ಅನ್ನುತ್ತಾರೆ. ತಪ್ಪೇನಿಲ್ಲ. ಚಾಕು ಕೊಂಡವರ ಅಂಗೈಗೆ ದಿನಾ ತಾಗುವುದು ಹಿಡಿಯೇ ಅಲ್ವಾ? ನನಗೂ ಹಿಡಿ ಮಾಡುವ ಕೆಲಸವೇ ಜಾಸ್ತಿ ಇಷ್ಟ.

ಕಷ್ಟ ಶುರುವಾಗುವುದು ‘ನಮ್ಮ ತೋಟದ ಮರದಲ್ಲೇ ಮಾಡಿಕೊಡಿ’ ಅಂದಾಗ. ಗುಬ್ಬಿ ಕಡೆಯವರು ಹಲಸು ತರುತ್ತಾರೆ. ತಿಪಟೂರಿನವರು ತೆಂಗು. ಉಳಿದವರು ಹುಣಸೆ. ಕಡಿದದ್ದು ಹೋದ ವಾರ, ಚಾಕು ಬೇಕಾಗಿರುವುದು ಮುಂದಿನ ವಾರದ ಗೃಹಪ್ರವೇಶಕ್ಕೆ. ಇಷ್ಟು ವರ್ಷದಲ್ಲಿ ಇದೊಂದು ಮಾತು ಹೇಳಿ ಹೇಳಿ ನನಗೆ ಸಾಕಾಗಿದೆ. ಅದಕ್ಕೇ ಬರೆದೇ ಇಡುತ್ತಿದ್ದೇನೆ.

ಚೇಳೂರು ಕಡೆಯ ಹಿರಿಯರೊಬ್ಬರು ಹಲಸಿನ ಕೊರಡು ತಂದಿದ್ದರು. ಅವರ ತಂದೆ ನೆಟ್ಟ ಮರ, ಗಾಳಿಗೆ ಬಿದ್ದಿತ್ತು. ಆ ಮರದ ಹಣ್ಣು ತಿಂದು ಬೆಳೆದ ಮೂವರು ಮಕ್ಕಳಿಗೂ ಒಂದೊಂದು ಚಾಕು ಕೊಡಬೇಕು ಅಂತ ಅವರ ಆಸೆ.

‘ಯಜಮಾನ್ರೇ, ಇದು ಒಣಗಿಲ್ಲ’ ಅಂದೆ.

‘ಒಂದು ವಾರ ತಾರಸಿ ಮೇಲೆ ಬಿಸಿಲಿಗೆ ಹಾಕಿದ್ದೆ ಕಣಪ್ಪ. ಮುಟ್ಟಿ ನೋಡು, ಎಲ್ಲಿದೆ ತೇವ?’

ಗರಗಸದಲ್ಲಿ ಒಂದು ಹೋಳು ತೆಗೆದೆ. ಪುಡಿ ಉದುರಲಿಲ್ಲ, ಹಲ್ಲುಗಳಿಗೆ ಮೆತ್ತಿಕೊಂಡಿತು. ಆ ಹೋಳು 48 ಗ್ರಾಂ ತೂಗಿತು. ಅದನ್ನು ಓವನ್‌ನಲ್ಲಿ ತೂಕ ಇನ್ನು ಇಳಿಯುವುದಿಲ್ಲ ಅನ್ನುವವರೆಗೆ ಒಣಗಿಸಿದೆ. ಉಳಿದದ್ದು 30 ಗ್ರಾಂ. ಒಣ ಮರದ ತೂಕಕ್ಕೆ ಲೆಕ್ಕ ಹಾಕಿದರೆ ಶೇ 60ರಷ್ಟು ನೀರು. ಹಿಡಿ ಮಾಡಲು ನನಗೆ ಬೇಕಾದದ್ದು ಶೇ 10ರ ಆಸುಪಾಸು.

ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ. ಮರದ ತುಂಬಾ ಇರುವ ಸಣ್ಣ ಸಣ್ಣ ಕೊಳವೆಗಳ ಒಳಗೆ ನಿಂತ ನೀರು ಒಂದು. ಆ ಕೊಳವೆಗಳ ಗೋಡೆಯೇ ಹೀರಿಕೊಂಡಿರುವ ನೀರು ಇನ್ನೊಂದು. ಮೊದಲು ಹೋಗುವುದು ನಿಂತ ನೀರು. ಆಗ ತೂಕ ಇಳಿಯುತ್ತದೆ, ಆದರೆ ಮರ ಹೆಚ್ಚುಕಡಿಮೆ ಇದ್ದ ಅಳತೆಯಲ್ಲೇ ಇರುತ್ತದೆ. ಜನ ಮೋಸ ಹೋಗುವುದು ಇಲ್ಲೇ. ‘ಹಗುರ ಆಯ್ತು, ಸೀಳಿಲ್ಲ, ಬಾಗಿಲ್ಲ, ಅಂದರೆ ಒಣಗಿದೆ’ ಅಂದುಕೊಳ್ಳುತ್ತಾರೆ. ತೇವ ಶೇ 30ಕ್ಕಿಂತ ಕೆಳಗೆ ಇಳಿಯುವಾಗ ಗೋಡೆಯ ನೀರು ಹೋಗಲು ಶುರುವಾಗುತ್ತದೆ. ಕುಗ್ಗುವುದು, ಬಾಗುವುದು, ಸೀಳುವುದು ಎಲ್ಲ ಆಗುವುದು ಆ ಹಂತದಲ್ಲಿ. ಅಷ್ಟು ಹೊತ್ತಿಗೆ ಮರ ಚಾಕುವಿನ ಮೇಲೆ ಕೂತಿರಬಾರದು.

ಕುಗ್ಗುವುದು ಎಲ್ಲ ದಿಕ್ಕಿಗೂ ಒಂದೇ ಸಮ ಅಲ್ಲ. ಹಸಿ ತೆಂಗಿನ ಕಡ್ಡಿಯಲ್ಲಿ ಬಿಗಿಯಾಗಿ ಕಟ್ಟಿದ ಪೊರಕೆ ಒಣಗಿದ ಮೇಲೆ ಕಟ್ಟು ಸಡಿಲ ಆಗುತ್ತದೆ. ಕಡ್ಡಿಗಳ ಉದ್ದ ಮಾತ್ರ ಮೊದಲಿನಷ್ಟೇ. ಮರವೂ ಹಾಗೆಯೇ. ಉದ್ದಕ್ಕೆ ಕುಗ್ಗುವುದು ಸಾಮಾನ್ಯವಾಗಿ ಶೇ 0.1ರಿಂದ 0.2ರಷ್ಟು. ಅಗಲಕ್ಕೆ, ಮರದ ಜಾತಿ ಮತ್ತು ಸೀಳಿದ ದಿಕ್ಕಿನ ಮೇಲೆ, ಶೇ 3ರಿಂದ 10ರವರೆಗೂ ಹೋಗಬಹುದು. 30 ಮಿಲಿಮೀಟರ್ ಅಗಲದ ಹಿಡಿ ಶೇ 6 ಕುಗ್ಗಿದರೆ 1.8 ಮಿಲಿಮೀಟರ್ ಹೋಯಿತು. ಹಿಡಿಯ ನಡುವೆ ಇರುವ ಉಕ್ಕಿನ ಪಟ್ಟಿ ಮಾತ್ರ ಇದ್ದ ಹಾಗೇ ಇರುತ್ತದೆ. ಉಕ್ಕಿನ ಅಂಚು ಹೊರಗೆ ಬಂದು ಅಂಗೈಯನ್ನು ತರಚುತ್ತದೆ. ರಿವೆಟ್ ಹೊಡೆದು ಹಿಡಿದಿಟ್ಟ ಕಡೆ ಕುಗ್ಗಲು ಜಾಗವಿಲ್ಲದೆ ಮರ ಸೀಳು ಬಿಡುತ್ತದೆ. ಅಂಟು ಬಿಟ್ಟ ಸಂದಿಗೆ ಟೊಮೆಟೊ ರಸ, ಮೀನು ತೊಳೆದ ನೀರು ಸೇರುತ್ತದೆ. ಆಮೇಲೆ ಒಳಗಿಂದಲೇ ತುಕ್ಕು. ಅಡುಗೆಮನೆಯ ಚಾಕುವಿಗೆ ಇದು ಬರೀ ಅಂದದ ಮಾತಲ್ಲ, ಶುಚಿಯ ಮಾತೂ ಹೌದು.

ಇಷ್ಟು ಹೇಳಿದ ಮೇಲೂ ಉಪಾಯ ಹೇಳುತ್ತಾರೆ. ‘ಇನ್ನೊಂದು ವಾರ ಬಿಸಿಲಿಗೆ ಇಡ್ತೀನಿ.’ ಬೇಡಿ. ಬಿಸಿಲಿಗೆ ಹೊರಗಿನ ಪದರ ಬೇಗ ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ಹಸಿ. ಹೊರಗಿನದು ಸೀಳದೆ ಬೇರೆ ದಾರಿ ಇಲ್ಲ. ‘ಮೈಕ್ರೋವೇವ್?’ ಅದೇ ಅನಾಹುತ, ಇನ್ನೂ ಬೇಗ ಆಗುತ್ತದೆ. ‘ಒಳ್ಳೆ ಎಪಾಕ್ಸಿ ಅಂಟು ಹಾಕಿ.’ ತೇವದ ಮರಕ್ಕೆ ಅದು ಸರಿಯಾಗಿ ಹಿಡಿಯುವುದಿಲ್ಲ. ‘ಈಗ ಮರಕ್ಕೆ ರೆಸಿನ್ ಕುಡಿಸ್ತಾರಂತಲ್ಲ?’ ಕುಡಿಸುತ್ತಾರೆ, ನಾನೂ ಮಾಡುತ್ತೇನೆ. ಮರದೊಳಗಿನ ಗಾಳಿಯನ್ನು ಪಂಪಿನಿಂದ ಎಳೆದು, ಆ ಜಾಗಕ್ಕೆ ತೆಳು ರೆಸಿನ್ ಹೋಗುವಂತೆ ಮಾಡಿ, ಆಮೇಲೆ ಬಿಸಿ ಕೊಟ್ಟು ಗಟ್ಟಿ ಮಾಡುವ ಕೆಲಸ ಅದು. ಆ ಜಾಗದಲ್ಲಿ ಆಗಲೇ ನೀರು ಕೂತಿದ್ದರೆ ರೆಸಿನ್ ಎಲ್ಲಿಗೆ ಹೋಗಬೇಕು? ಈ ಕೆಲಸಕ್ಕೆ ಮಾಮೂಲಿ ಹಿಡಿಗಿಂತಲೂ ಒಣಗಿದ ಮರ ಬೇಕು.

ಮಾಡಬೇಕಾದದ್ದು ಸುಲಭ, ಕಾಯಬೇಕು ಅಷ್ಟೇ. ಕೊರಡನ್ನು ಇಡಿಯಾಗಿ ಬಿಡದೆ ಒಂದೂಕಾಲು ಇಂಚು ದಪ್ಪದ ಹಲಗೆಗಳಾಗಿ ಸೀಳಿಸಿ. ನಡುವಿನ ತಿರುಳು ಬಿಟ್ಟುಬಿಡಿ, ಸೀಳು ಶುರುವಾಗುವುದು ಹೆಚ್ಚಾಗಿ ಅಲ್ಲಿಂದಲೇ. ಎರಡೂ ತುದಿಗೆ ಮೇಣವನ್ನೋ ದಪ್ಪಗೆ ಪೇಂಟನ್ನೋ ಬಳಿಯಿರಿ, ನೀರು ತುದಿಯಿಂದ ಬಲು ಬೇಗ ಹೋಗುತ್ತದೆ. ನೆರಳಲ್ಲಿ, ಗಾಳಿ ಆಡುವ ಕಡೆ, ನಡುವೆ ಕಡ್ಡಿ ಕೊಟ್ಟು ಜೋಡಿಸಿಡಿ. ಅಟ್ಟ ಒಳ್ಳೆಯ ಜಾಗ. ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೆಯ ಲೆಕ್ಕ. ಒಂದೊಂದು ಮರ ಒಂದೊಂದು ಥರ, ಹಾಗಾಗಿ ಆ ಲೆಕ್ಕವನ್ನೇ ನಂಬಬೇಡಿ. ತಿಂಗಳಿಗೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಪುಸ್ತಕದಲ್ಲಿ ಬರೆದಿಡಿ. ತೂಕ ಇಳಿಯುವುದು ನಿಂತ ಮೇಲೆ ನನ್ನ ಹತ್ತಿರ ತನ್ನಿ. ಚೇಳೂರಿನ ಯಜಮಾನರು ಬೇಜಾರಲ್ಲೇ ಕೊರಡು ವಾಪಸ್ ಒಯ್ದರು, ಆದರೆ ಹೇಳಿದಂತೆ ಮಾಡಿದರು. ಮೂರು ಚಾಕುವೂ ಆದವು. ಮಾಡುವಾಗ ಬೆಣ್ಣೆ ಹಳದಿ ಇದ್ದ ಹಲಸು ಈಗ ಕಂದು ತಿರುಗಿರುತ್ತದೆ. ಬೆಳಕಿಗೆ ಹಲಸಿನ ಬಣ್ಣ ಹಾಗೆ ಬಲಿಯುತ್ತದೆ.

ಪೂರ್ತಿ ಒಣಗಿದ ಹಿಡಿ ಕೂಡ ಸ್ವಲ್ಪ ಕುಗ್ಗಿ ಹಿಗ್ಗುತ್ತದೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಏಪ್ರಿಲ್ ಬಿಸಿಲಲ್ಲಿ ಒಂದು ಕೂದಲೆಳೆ ಒಳಗೆ, ಮಳೆಗಾಲದಲ್ಲಿ ಒಂದು ಕೂದಲೆಳೆ ಹೊರಗೆ. ಉಗುರಿಗೆ ಗೊತ್ತಾಗಬಹುದು. ಅದನ್ನು ಕೆಟ್ಟ ಕೆಲಸ ಅನ್ನಬೇಡಿ. ಸಿಂಕಿನ ನೀರಲ್ಲಿ ರಾತ್ರಿ ಪೂರ್ತಿ ಮುಳುಗಿಸಿಟ್ಟ ಚಾಕುವಿಗೆ ಮಾತ್ರ ನನ್ನ ಜವಾಬ್ದಾರಿ ಇಲ್ಲ.

ಕಾಯಲು ಆಗದವರಿಗೆ ಒಂದು ದಾರಿ ಇದೆ. ಮನೆಯಲ್ಲಿ ಆಗಲೇ ಒಣಗಿರುವ ಮರ ಹುಡುಕಿ. ಒಡೆದ ಒನಕೆ, ಹಳೇ ಗಾಡಿಯ ಜಾಲಿ ಮರದ ತುಂಡು, ಕೆಡವಿದ ಮನೆಯ ಬಾಗಿಲು. ಮಧುಗಿರಿಯಿಂದ ಒಬ್ಬ ತಾಯಿ ರಾಗಿ ಬೀಸುವ ಕಲ್ಲಿನ ಗೂಟ ತಂದುಕೊಟ್ಟರು. ಅವರ ಅತ್ತೆ ಬೀಸುತ್ತಿದ್ದ ಕಲ್ಲು. ಕೈ ಉಜ್ಜಿ ಉಜ್ಜಿ ಗೂಟದ ಒಂದು ಕಡೆ ಸವೆದು ನುಣುಪಾಗಿತ್ತು. ಆ ಸವೆದ ಕಡೆಯನ್ನು ನಾನು ಅರ ಮುಟ್ಟಿಸದೆ ಉಳಿಸಿಕೊಂಡೆ. ಚಾಕು ಹಿಡಿದಾಗ ಹೆಬ್ಬೆರಳು ಸರಿಯಾಗಿ ಅಲ್ಲಿ ಕೂರುತ್ತದೆ. ನಾನು ಮಾಡಿದ ಹಿಡಿಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದು. ಹಳೆ ಮರದಲ್ಲಿ ಹುಳುವಿನ ತೂತು, ಒಳಗೆ ಮುರಿದ ಮೊಳೆ ಇರಬಹುದು, ನೋಡದೆ ಮಾತು ಕೊಡಲಾರೆ.

ಹುಣಸೆ ತರುವವರಿಗೆ ಒಂದು ಮಾತು. ಹುಣಸೆಯ ಚೆಲುವೆಲ್ಲ ಅದರ ನೇರಳೆಗಪ್ಪು ಚೇಗಿನಲ್ಲಿದೆ, ಅಂದರೆ ಒಳಗಿನ ಗಟ್ಟಿ ಮರದಲ್ಲಿ. ಕೊಂಬೆಯಲ್ಲಿ ಸಿಗುವುದು ಹೆಚ್ಚಾಗಿ ಹೊರಗಿನ ಬಿಳಿ ಮರ, ಹುಳುವಿಗೆ ಅದೇ ಪ್ರೀತಿ. ತೆಂಗಿನಲ್ಲಿ ಇದಕ್ಕೆ ತಿರುಗುಮುರುಗು: ಹಳೆ ಮರದ ಹೊರಗಿನ ಸುತ್ತು ಗಟ್ಟಿ, ಕಪ್ಪು ನಾರಿನ ಚುಕ್ಕೆಗಳು ಅಲ್ಲೇ ಚೆನ್ನಾಗಿ ಕಾಣುವುದು. ನಡುವಿನದು ಮೆತ್ತಗೆ, ಕೆಲಸಕ್ಕೆ ಬಾರದು. ಶ್ರೀಗಂಧ, ಬೀಟೆ ತರುವುದಾದರೆ ಅರಣ್ಯ ಇಲಾಖೆಯ ಕಾಗದ ಜೊತೆಗಿರಲಿ.

ಜಿಂಕೆ ಕೊಂಬು ಬೇಕು ಅನ್ನುವವರೂ ಇದ್ದಾರೆ. ಹೊರದೇಶದ ಚಾಕುಗಳ ಚಿತ್ರದಲ್ಲಿ ನೋಡಿರುತ್ತಾರೆ. ಅಲ್ಲಿ ಕೆಲವರು ಸೈಬೀರಿಯಾದ ಹೆಪ್ಪುಗಟ್ಟಿದ ನೆಲದಿಂದ ತೆಗೆದ ಮ್ಯಾಮತ್ (ಎಂದೋ ಅಳಿದುಹೋದ ಆನೆಯಂಥ ಪ್ರಾಣಿ) ಹಲ್ಲಿನಲ್ಲೂ ಹಿಡಿ ಮಾಡುತ್ತಾರೆ, ನೋಡಲು ಬಹಳ ಚೆನ್ನ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ‘ಕಾಡಲ್ಲಿ ಉದುರಿ ಬಿದ್ದಿತ್ತು’ ಅಂದರೂ ಜಿಂಕೆ ಕೊಂಬನ್ನು ನಾನು ಮುಟ್ಟುವುದಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳು ಓಡಾಡಿಕೊಂಡಿವೆ, ಅವುಗಳ ಕೊಂಬು ಅವುಗಳ ತಲೆಯ ಮೇಲೇ ಇರಲಿ.

ಸಾಕಿದ ಎಮ್ಮೆಯ ಕೊಂಬಿಗೆ ಆ ತಕರಾರಿಲ್ಲ. ಉಜ್ಜುವಾಗ ಕೂದಲು ಸುಟ್ಟ ವಾಸನೆ ಬರುತ್ತದೆ, ಹೊಳಪು ಕೊಟ್ಟ ಮೇಲೆ ಕಪ್ಪು ಗಾಜು. ಆದರೆ ಕೊಂಬೂ ತೇವ ಹೀರುತ್ತದೆ, ಬಿಡುತ್ತದೆ. ಹಸಿಯಾಗಿ ಅಂಟಿಸಿದರೆ ಪಟ್ಟಿ ಬಾಗಿ ಮೇಲಕ್ಕೆ ಏಳುತ್ತದೆ. ಅದಕ್ಕೂ ಅದೇ ತಕ್ಕಡಿ, ಅದೇ ಪುಸ್ತಕ.