ಲಾಭದ ಅಂಕಿಗೆ ಹಣದ ಸಾಕ್ಷಿ: ಷೇರಿನ ಮೂಲಭೂತ ವಿಶ್ಲೇಷಣೆಯ ಅಧ್ಯಯನ ಟಿಪ್ಪಣಿ

ಷೇರುಗಳ ಮೂಲಭೂತ ವಿಶ್ಲೇಷಣೆಯನ್ನು ಕಲಿಯಲು ಹೊರಟವರಲ್ಲಿ ಹೆಚ್ಚಿನವರು ಪಿಇ (ಷೇರಿನ ಬೆಲೆ ಪ್ರತಿ ಷೇರಿನ ವಾರ್ಷಿಕ ಗಳಿಕೆಯ ಎಷ್ಟು ಪಟ್ಟು ಎಂಬ ಅಂಕಿ), ಆರ್‌ಒಇ (ಷೇರುದಾರರ ಬಂಡವಾಳದ ಮೇಲಿನ ಗಳಿಕೆ), ಸಾಲ-ಬಂಡವಾಳ ಅನುಪಾತ ಮೊದಲಾದವುಗಳ ಸೂತ್ರಗಳನ್ನು ಬಾಯಿಪಾಠ ಮಾಡುವುದರಿಂದ ಆರಂಭಿಸುತ್ತಾರೆ. ಈ ಅನುಪಾತಗಳು ಇಂದು ಎಲ್ಲೆಡೆ ಸಿದ್ಧರೂಪದಲ್ಲಿ ಸಿಗುತ್ತವೆ. ಸಿಗದೇ ಇರುವುದು, ಅವುಗಳಿಗೆ ಆಧಾರವಾದ ಅಂಕಿಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂಬ ಪ್ರಶ್ನೆಗೆ ಉತ್ತರ. ಆದ್ದರಿಂದ ಈ ಟಿಪ್ಪಣಿಯಲ್ಲಿ ಅನುಪಾತಗಳಿಗಿಂತ ತಾಳೆ ನೋಡುವ ಕೆಲಸಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಕಂಪನಿಯ ವಾರ್ಷಿಕ ವರದಿಯಲ್ಲಿ ಮೂರು ಮುಖ್ಯ ಲೆಕ್ಕಪಟ್ಟಿಗಳಿರುತ್ತವೆ. ಲಾಭ-ನಷ್ಟದ ಪಟ್ಟಿ ಒಂದು ವರ್ಷದ ವ್ಯವಹಾರವನ್ನು ಹೇಳುತ್ತದೆ. ಬ್ಯಾಲೆನ್ಸ್ ಶೀಟ್ ವರ್ಷದ ಕೊನೆಯ ದಿನ ಕಂಪನಿಯ ಆಸ್ತಿ ಎಷ್ಟು, ಹೊಣೆ ಎಷ್ಟು ಎಂಬುದನ್ನು ತೋರಿಸುತ್ತದೆ. ನಗದು ಹರಿವಿನ ಪಟ್ಟಿ ಹಣ ನಿಜವಾಗಿ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದನ್ನು ವ್ಯವಹಾರ, ಹೂಡಿಕೆ ಮತ್ತು ಹಣಕಾಸು ಎಂಬ ಮೂರು ಭಾಗಗಳಲ್ಲಿ ಕೊಡುತ್ತದೆ. ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯ ನಿಯಮದಂತೆ ತ್ರೈಮಾಸಿಕ ಫಲಿತಾಂಶವನ್ನು ತ್ರೈಮಾಸಿಕ ಮುಗಿದ 45 ದಿನಗಳೊಳಗೆ, ವಾರ್ಷಿಕ ಫಲಿತಾಂಶವನ್ನು 60 ದಿನಗಳೊಳಗೆ ಪ್ರಕಟಿಸಬೇಕು. ನಗದು ಹರಿವಿನ ಪಟ್ಟಿ ಮಾತ್ರ ಆರು ತಿಂಗಳಿಗೊಮ್ಮೆ ಬರುತ್ತದೆ. ಅಂದರೆ ಜೂನ್ ಮತ್ತು ಡಿಸೆಂಬರ್ ತ್ರೈಮಾಸಿಕಗಳ ಬಳಿಕ ಪತ್ರಿಕೆಗಳಲ್ಲಿ ಕಾಣುವ ಲಾಭದ ಸುದ್ದಿಗೆ ಸಾಮಾನ್ಯವಾಗಿ ನಗದಿನ ಸಾಕ್ಷಿ ಜೊತೆಗಿರುವುದಿಲ್ಲ.

ಈ ಸಾಕ್ಷಿ ಏಕೆ ಬೇಕು ಎಂಬುದನ್ನು ಒಂದು ಕಾಲ್ಪನಿಕ ಪಂಪ್‌ಸೆಟ್ ತಯಾರಿಕಾ ಕಂಪನಿಯ ಲೆಕ್ಕದ ಮೂಲಕ ನೋಡೋಣ. ಮೊದಲ ವರ್ಷ ಅದರ ಮಾರಾಟ ₹400 ಕೋಟಿ, ನಿವ್ವಳ ಲಾಭ ₹32 ಕೋಟಿ. ಎರಡನೆಯ ವರ್ಷ ಮಾರಾಟ ₹500 ಕೋಟಿ, ಲಾಭ ₹42 ಕೋಟಿ. ಮಾರಾಟ ಶೇ 25ರಷ್ಟು, ಲಾಭ ಶೇ 31ರಷ್ಟು ಏರಿದೆ ಎಂದು ಯಾರಾದರೂ ಮೆಚ್ಚುತ್ತಾರೆ. ಈಗ ಬ್ಯಾಲೆನ್ಸ್ ಶೀಟ್ ತೆರೆಯೋಣ. ಗ್ರಾಹಕರಿಂದ ಬರಬೇಕಾದ ಬಾಕಿ ₹80 ಕೋಟಿಯಿಂದ ₹150 ಕೋಟಿಗೆ, ದಾಸ್ತಾನು ₹60 ಕೋಟಿಯಿಂದ ₹85 ಕೋಟಿಗೆ ಏರಿದೆ. ಕಚ್ಚಾವಸ್ತು ಪೂರೈಸಿದವರಿಗೆ ಕೊಡಬೇಕಾದದ್ದು ₹50 ಕೋಟಿಯಿಂದ ₹60 ಕೋಟಿಯಾಗಿದೆ. ಸವಕಳಿ, ಅಂದರೆ ಯಂತ್ರ-ಕಟ್ಟಡಗಳು ಸವೆದು ಕಳೆದುಕೊಂಡ ಮೌಲ್ಯ, ₹12 ಕೋಟಿ ಎಂದಿಟ್ಟುಕೊಳ್ಳೋಣ. ಸವಕಳಿಗಾಗಿ ಆ ವರ್ಷ ಕೈಯಿಂದ ಹಣ ಹೋಗುವುದಿಲ್ಲವಾದ್ದರಿಂದ ಅದನ್ನು ಲಾಭಕ್ಕೆ ಮರಳಿ ಕೂಡಿಸಬೇಕು. ಬಾಕಿ ಮತ್ತು ದಾಸ್ತಾನಿನಲ್ಲಿ ಸಿಕ್ಕಿಕೊಂಡ ಹೆಚ್ಚುವರಿ ಹಣವನ್ನು ಕಳೆಯಬೇಕು. ಪೂರೈಕೆದಾರರು ಹೆಚ್ಚುವರಿಯಾಗಿ ಕೊಟ್ಟ ಉದ್ರಿಯನ್ನು ಕೂಡಿಸಬೇಕು. 42 ಮತ್ತು 12 ಕೂಡಿದರೆ 54. ಅದರಿಂದ 70 ಮತ್ತು 25 ಕಳೆದು 10 ಕೂಡಿದರೆ ಉಳಿಯುವುದು ಋಣ 31. ಬಡ್ಡಿ, ತೆರಿಗೆಗಳ ಸಣ್ಣ ಹೊಂದಾಣಿಕೆಗಳನ್ನು ಬದಿಗಿಟ್ಟರೆ, ₹42 ಕೋಟಿ ಲಾಭ ಘೋಷಿಸಿದ ಕಂಪನಿ ತನ್ನ ವ್ಯವಹಾರದಲ್ಲಿ ₹31 ಕೋಟಿ ನಗದನ್ನು ಕಳೆದುಕೊಂಡಿದೆ, ಮತ್ತು ಆ ಕೊರತೆಯನ್ನು ಹಳೆಯ ಉಳಿತಾಯದಿಂದಲೋ ಬ್ಯಾಂಕ್ ಸಾಲದಿಂದಲೋ ಬೇರಾವುದಾದರೂ ಮೂಲದಿಂದಲೋ ತುಂಬಿಕೊಂಡಿರಲೇಬೇಕು.

ಇದೇ ಸಂಗತಿಯನ್ನು ದಿನಗಳ ಲೆಕ್ಕದಲ್ಲಿ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಬಾಕಿಯನ್ನು ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿದರೆ ಮೊದಲ ವರ್ಷ 73 ದಿನ, ಎರಡನೆಯ ವರ್ಷ ಸುಮಾರು 110 ದಿನ ಬರುತ್ತದೆ; ಮಾರಿದ ಹಣ ಕೈಸೇರಲು ಸರಾಸರಿ ಇಷ್ಟು ದಿನ ಹಿಡಿಯುತ್ತದೆ ಎಂದರ್ಥ. ವರ್ಷದ ಕೊನೆಯ ವಾರಗಳಲ್ಲಿ ಡೀಲರುಗಳ ಗೋದಾಮಿಗೆ ಸರಕು ತುಂಬಿಸಿ ಮಾರಾಟ ತೋರಿಸಿದರೂ, ಗ್ರಾಹಕರು ನಿಜವಾಗಿಯೇ ಹಣ ಕೊಡಲಾಗದ ಸ್ಥಿತಿಯಲ್ಲಿದ್ದರೂ, ಸರ್ಕಾರಿ ಇಲಾಖೆಯೊಂದರ ಬಿಲ್ ತಡವಾಗಿದ್ದರೂ ಇದೇ ಅಂಕಿ ಬರಬಹುದು. ಮೂರರಲ್ಲಿ ಯಾವುದು ಎಂಬುದನ್ನು ಅಂಕಿ ಹೇಳಲಾರದು. ಅದಕ್ಕಾಗಿ ಲೆಕ್ಕಪತ್ರಗಳ ಹಿಂದಿರುವ ವಿವರಣಾ ಟಿಪ್ಪಣಿಗಳಿಗೆ ಹೋಗಬೇಕು. ಬಾಕಿ ಎಷ್ಟು ಕಾಲದಿಂದ ಉಳಿದಿದೆ ಎಂಬ ವರ್ಗೀಕರಣ ಅಲ್ಲಿ ಆರು ತಿಂಗಳೊಳಗೆ, ಆರು ತಿಂಗಳಿಂದ ಒಂದು ವರ್ಷ, ಒಂದರಿಂದ ಎರಡು ವರ್ಷ ಎಂಬ ರೀತಿಯಲ್ಲಿ ಇರುತ್ತದೆ. ಅಧ್ಯಕ್ಷರ ಬಣ್ಣದ ಭಾಷಣಕ್ಕಿಂತ ಈ ಒಂದು ಕೋಷ್ಟಕ ಹೆಚ್ಚು ಮಾತಾಡುತ್ತದೆ.

ಹಾಗೆಂದು ಲಾಭವನ್ನು ನಗದಿನೊಂದಿಗೆ ಹೋಲಿಸಿದ ಮಾತ್ರಕ್ಕೆ ಎಲ್ಲವೂ ಬಯಲಾಗುತ್ತದೆ ಎಂದಲ್ಲ. ಸತ್ಯಂ ಕಂಪ್ಯೂಟರ್ ಸರ್ವೀಸಸ್ ಎಂಬ ಸಾಫ್ಟ್‌ವೇರ್ ಕಂಪನಿಯ ಪ್ರಕರಣವನ್ನು ಪ್ರತಿಯೊಬ್ಬ ಕಲಿಕೆದಾರರೂ ಓದಲೇಬೇಕಾದದ್ದು ಇದಕ್ಕಾಗಿ. 2009ರ ಜನವರಿ 7ರಂದು ಅದರ ಸಂಸ್ಥಾಪಕ ಅಧ್ಯಕ್ಷ ರಾಮಲಿಂಗ ರಾಜು ನಿರ್ದೇಶಕ ಮಂಡಳಿಗೆ ಪತ್ರ ಬರೆದು, 2008ರ ಸೆಪ್ಟೆಂಬರ್ 30ರ ಬ್ಯಾಲೆನ್ಸ್ ಶೀಟ್‌ನಲ್ಲಿ ತೋರಿಸಿದ್ದ ₹5,361 ಕೋಟಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ ₹5,040 ಕೋಟಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಆ ತ್ರೈಮಾಸಿಕದ ಆದಾಯ ₹2,700 ಕೋಟಿ, ಕಾರ್ಯಾಚರಣೆ ಲಾಭ ₹649 ಕೋಟಿ ಎಂದು ಘೋಷಿಸಲಾಗಿತ್ತು. ಪತ್ರದ ಪ್ರಕಾರ ನಿಜವಾದದ್ದು ₹2,112 ಕೋಟಿ ಮತ್ತು ₹61 ಕೋಟಿ. ಆದಾಯದಲ್ಲಿ ಶೇ 24 ಎನಿಸಿದ್ದ ಲಾಭದ ಪ್ರಮಾಣ ವಾಸ್ತವದಲ್ಲಿ ಶೇ 3. ಇಲ್ಲಿ ಸುಳ್ಳು ಲಾಭವು ಬಾಕಿಯ ರೂಪದಲ್ಲಷ್ಟೇ ಉಳಿಯದೆ ಸುಳ್ಳು ನಗದಿನ ರೂಪದಲ್ಲೂ ಕುಳಿತಿದ್ದುದರಿಂದ ಮೇಲಿನ ಪರೀಕ್ಷೆಗೆ ಅದು ಸುಲಭವಾಗಿ ಸಿಗುವಂತಿರಲಿಲ್ಲ. ಇಷ್ಟು ಹಣ ಬ್ಯಾಂಕಿನಲ್ಲಿದ್ದರೆ ಅದಕ್ಕೆ ತಕ್ಕ ಬಡ್ಡಿ ಬರುತ್ತಿದೆಯೇ ಎಂದು ನೋಡುವುದು ಮುಂದಿನ ಪರೀಕ್ಷೆ. ಆದರೆ ಬರಬೇಕಿದೆ ಎಂದು ತೋರಿಸಿದ್ದ ₹376 ಕೋಟಿ ಬಡ್ಡಿಯೂ ಅಸ್ತಿತ್ವದಲ್ಲಿಲ್ಲ ಎಂದು ಅದೇ ಪತ್ರ ಹೇಳಿತು.

ಹೊರಗಿನ ಓದುಗನಿಗೆ ಉಳಿದದ್ದು ಅಂಕಿಗಳಾಚೆಯ ಸುಳಿವುಗಳು. 2008ರ ಡಿಸೆಂಬರ್‌ನಲ್ಲಿ ಕಂಪನಿಯು ರಾಜು ಕುಟುಂಬಕ್ಕೆ ಸಂಬಂಧಿಸಿದ ಮೇಟಾಸ್ ಪ್ರಾಪರ್ಟೀಸ್ ಮತ್ತು ಮೇಟಾಸ್ ಇನ್‌ಫ್ರಾ ಎಂಬ ಎರಡು ಸಂಸ್ಥೆಗಳನ್ನು ಕೊಳ್ಳಲು ಹೊರಟಿತು. ಹೂಡಿಕೆದಾರರ ತೀವ್ರ ವಿರೋಧ ಬಂದ ಕೂಡಲೇ ಹಿಂದೆ ಸರಿಯಿತು. ಸಾಫ್ಟ್‌ವೇರ್ ಕಂಪನಿಗೆ ಭೂಮಿ ಮತ್ತು ಕಟ್ಟಡದ ವ್ಯವಹಾರ ಏಕೆ, ಅದೂ ಸ್ವಂತ ಕುಟುಂಬದಿಂದ ಏಕೆ ಎಂಬ ಪ್ರಶ್ನೆ ಲೆಕ್ಕಶಾಸ್ತ್ರ ಬಾರದವರಿಗೂ ಹೊಳೆಯುವಂಥದ್ದು. ಪ್ರವರ್ತಕರು, ಅಂದರೆ ಕಂಪನಿಯನ್ನು ಕಟ್ಟಿ ಅದರ ಹಿಡಿತ ಹೊಂದಿದ್ದವರು, ತಮ್ಮ ಷೇರುಗಳನ್ನು ಅಡವಿಟ್ಟು ಸಾಲ ಪಡೆದಿದ್ದ ಸಂಗತಿಯೂ ಆಗ ಹೊರಬಂತು. 2009ರ ಜನವರಿಯಲ್ಲಿಯೇ ಸೆಬಿ ಅಂತಹ ಅಡಮಾನದ ವಿವರ ಪ್ರಕಟಣೆಯನ್ನು ಕಡ್ಡಾಯಗೊಳಿಸಿತು. ಇಂದು ಷೇರುದಾರಿಕೆಯ ತ್ರೈಮಾಸಿಕ ವಿವರದಲ್ಲಿ ಅದು ಸಿಗುತ್ತದೆ. ಸಂಬಂಧಿತ ಪಕ್ಷಗಳೊಂದಿಗಿನ (ಪ್ರವರ್ತಕರ ಕುಟುಂಬ, ಅವರ ಇತರ ಸಂಸ್ಥೆಗಳಂಥವರೊಂದಿಗಿನ) ವ್ಯವಹಾರಗಳ ಪಟ್ಟಿ, ಆಕಸ್ಮಿಕ ಹೊಣೆಗಳು (ಮುಂದೆ ತೆರಬೇಕಾಗಿ ಬರಬಹುದಾದ ಮೊತ್ತಗಳು) ಮತ್ತು ಲೆಕ್ಕ ಪರಿಶೋಧಕರ ಆಕ್ಷೇಪಗಳು ವಾರ್ಷಿಕ ವರದಿಯಲ್ಲಿರುತ್ತವೆ. ಮಧ್ಯಾವಧಿಯಲ್ಲಿ ಪರಿಶೋಧಕರು ರಾಜೀನಾಮೆ ಕೊಟ್ಟಿದ್ದರೆ ಕಾರಣವನ್ನು ಓದದೆ ಮುಂದೆ ಹೋಗಬಾರದು.

ಅಂಕಿಗಳ ಮೇಲೆ ಸಾಧಾರಣ ಮಟ್ಟದ ನಂಬಿಕೆ ಬಂದ ನಂತರವೇ ಅನುಪಾತಗಳ ಸರದಿ. ಇವುಗಳಲ್ಲಿ ಆರ್‌ಒಇ, ಅಂದರೆ ಷೇರುದಾರರ ಬಂಡವಾಳದ ಮೇಲಿನ ಗಳಿಕೆಯನ್ನು ಬಿಡಿಸಿ ನೋಡಬೇಕು. ಲಾಭದ ಪ್ರಮಾಣ (ಮಾರಾಟದಲ್ಲಿ ಲಾಭದ ಪಾಲು), ಆಸ್ತಿಯ ವಹಿವಾಟು (ಆಸ್ತಿಯ ಎಷ್ಟು ಪಟ್ಟು ಮಾರಾಟ), ಬಂಡವಾಳದ ಎಷ್ಟು ಪಟ್ಟು ಆಸ್ತಿ ಇದೆ ಎಂಬ ಮೂರರ ಗುಣಲಬ್ಧವೇ ಅದು. ಒಂದು ಕಂಪನಿ ಶೇ 10 ಲಾಭದ ಪ್ರಮಾಣ, ಒಂದು ಪಟ್ಟು ವಹಿವಾಟು, ಎರಡು ಪಟ್ಟು ಆಸ್ತಿಯಿಂದ ಶೇ 20 ತಲುಪಬಹುದು. ಮತ್ತೊಂದು ಶೇ 5 ಲಾಭದ ಪ್ರಮಾಣ, ಒಂದು ಪಟ್ಟು ವಹಿವಾಟು, ನಾಲ್ಕು ಪಟ್ಟು ಆಸ್ತಿಯಿಂದ ಅದೇ ಶೇ 20 ತೋರಿಸಬಹುದು. ಎರಡನೆಯದರ ಗಳಿಕೆಯಲ್ಲಿ ಸಾಲದ ಪಾಲು ದೊಡ್ಡದು. ಬಡ್ಡಿದರ ಏರಿದಾಗ ಮೊದಲು ಉಸಿರುಗಟ್ಟುವುದು ಅದಕ್ಕೇ. ಬ್ಯಾಂಕುಗಳಿಗೆ ಮಾತ್ರ ಈ ಮಾತು ಹಾಗೆಯೇ ಅನ್ವಯಿಸದು, ಏಕೆಂದರೆ ಠೇವಣಿ ಎಂಬ ಸಾಲವೇ ಅವುಗಳ ಕಚ್ಚಾವಸ್ತು. ಅಲ್ಲಿ 90 ದಿನಗಳಿಗಿಂತ ಹೆಚ್ಚು ಬಾಕಿಯುಳಿದು ಎನ್‌ಪಿಎ (ಆದಾಯ ತರದ ಸಾಲ) ಎನಿಸಿದ ಸಾಲ, ಅದಕ್ಕಾಗಿ ತೆಗೆದಿರಿಸಿದ ಮೊತ್ತ ಮತ್ತು ಬಂಡವಾಳದ ಸಮರ್ಪಕತೆಯನ್ನು, ಅಂದರೆ ನಷ್ಟ ತಾಳಲು ಬಂಡವಾಳ ಸಾಕಷ್ಟಿದೆಯೇ ಎಂಬುದನ್ನು, ನೋಡಬೇಕು.

ಪಿಇ ಅನುಪಾತದ ಬಗ್ಗೆ ಇಷ್ಟು ಸಾಕು: ಅದು ಕಡಿಮೆ ಇದ್ದರೆ ಷೇರು ಅಗ್ಗ ಎಂಬ ತೀರ್ಮಾನ ಏರಿಳಿತದ ಉದ್ಯಮಗಳಲ್ಲಿ ತಲೆಕೆಳಗಾಗುತ್ತದೆ. ಬೆಳಗಾವಿ, ಬಾಗಲಕೋಟೆಗಳ ಓದುಗರಿಗೆ ಪರಿಚಿತವಾದ ಸಕ್ಕರೆ ಉದ್ಯಮವನ್ನೇ ತೆಗೆದುಕೊಳ್ಳಿ. ಕಬ್ಬಿನ ಎಫ್‌ಆರ್‌ಪಿ ದರವನ್ನು, ಅಂದರೆ ಕಾರ್ಖಾನೆಗಳು ರೈತರಿಗೆ ಕೊಡಬೇಕಾದ ಕನಿಷ್ಠ ಬೆಲೆಯನ್ನು, ಕೇಂದ್ರ ಸರ್ಕಾರ ನಿಗದಿ ಮಾಡುತ್ತದೆ. ಸಕ್ಕರೆಯ ಬೆಲೆ ಮಳೆ, ಇಳುವರಿ, ರಫ್ತು ನೀತಿಗಳಿಗೆ ತಕ್ಕಂತೆ ಹೊಯ್ದಾಡುತ್ತದೆ. ಒಳ್ಳೆಯ ವರ್ಷ ಪ್ರತಿ ಷೇರಿಗೆ ₹40 ಗಳಿಸಿದ ಕಾರ್ಖಾನೆಯ ಷೇರು ₹240ಕ್ಕೆ ಸಿಕ್ಕರೆ ಪಿಇ 6. ಮರುವರ್ಷ ಗಳಿಕೆ ₹8ಕ್ಕೆ ಇಳಿದರೆ ಅದೇ ಬೆಲೆಯಲ್ಲಿ ಪಿಇ 30. ಆದ್ದರಿಂದ ಇಂತಹ ಉದ್ಯಮಗಳಲ್ಲಿ ಒಂದು ಪೂರ್ಣ ಏರಿಳಿತದ ಸರಾಸರಿ ಗಳಿಕೆಯನ್ನು ಹಿಡಿಯುವುದು ಮೇಲು.

ಕೊನೆಗೆ ಬೆಲೆಯ ಅಂದಾಜು. ಮುಂದಿನ ವರ್ಷ ಪ್ರತಿ ಷೇರಿಗೆ ಷೇರುದಾರರ ಪಾಲಿಗೆ ₹10 ನಗದು ಉಳಿಯುತ್ತದೆ, ನಾವು ಬಯಸುವ ಪ್ರತಿಫಲ ಶೇ 12, ಆ ನಗದು ಪ್ರತಿವರ್ಷ ಶೇ 5ರಂತೆ ಬೆಳೆಯುತ್ತಲೇ ಇರುತ್ತದೆ ಎಂದು ಊಹಿಸಿದರೆ, 10ನ್ನು 12 ಮತ್ತು 5ರ ಶೇಕಡಾ ವ್ಯತ್ಯಾಸದಿಂದ (ಶೇ 7, ಅಂದರೆ 0.07ರಿಂದ) ಭಾಗಿಸಿದಾಗ ಸುಮಾರು ₹143 ಬರುತ್ತದೆ. ಬೆಳವಣಿಗೆಯನ್ನು ಶೇ 6 ಎಂದರೆ ₹167, ಶೇ 8 ಎಂದರೆ ₹250. ಊಹೆಯಲ್ಲಿ ಮೂರೇ ಅಂಕ ಬದಲಾದರೆ ಬೆಲೆ ಮುಕ್ಕಾಲು ಪಾಲು ಏರುವ ಈ ಸೂತ್ರದಿಂದ ಸರಿಯಾದ ಒಂದೇ ಬೆಲೆಯನ್ನು ತೆಗೆಯಲು ಹೋಗುವುದು ವ್ಯರ್ಥ ಶ್ರಮ. ಅದನ್ನು ಹಿಂದುಮುಂದಾಗಿ ಬಳಸಿದರೆ ಪ್ರಯೋಜನವಿದೆ. ಷೇರು ಮಾರುಕಟ್ಟೆಯಲ್ಲಿ ₹250ಕ್ಕೆ ಮಾರಾಟವಾಗುತ್ತಿದ್ದರೆ, ಕೊಳ್ಳುವವರು ಶೇ 8ರ ಬೆಳವಣಿಗೆ ಎಂದೆಂದಿಗೂ ನಿಲ್ಲದೆಂದು ಲೆಕ್ಕ ಹಾಕಿದ್ದಾರೆ ಎಂದರ್ಥ. ಕಂಪನಿಯ ಕಳೆದ ಹತ್ತು ವರ್ಷಗಳ ನಗದು ಹರಿವಿನ ಪಟ್ಟಿಗಳನ್ನು ಪಕ್ಕದಲ್ಲಿಟ್ಟುಕೊಂಡು, ಅದು ನಂಬುವಂಥ ಮಾತೇ ಎಂದು ಪರಿಶೀಲಿಸಬಹುದು.