ಒಂದನೇ ಕ್ಲಾಸಿನ ಮಗು ವಾರವಿಡೀ ‘ಕಾರ್ಡು ಮಾಡಿದೆ’ ಅಂದರೆ ಕಲಿತದ್ದೇನು?

ಪ್ರಶ್ನೆ: ಮಗಳು ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸು. ಸಂಜೆ ಕೇಳಿದರೆ ‘ಕಾರ್ಡು ಮಾಡಿದೆ, ಹಾಡು ಹೇಳಿದೆ’ ಅನ್ನುತ್ತಾಳೆ. ಅ ಆ ಇ ಈ ಇನ್ನೂ ಬರೆಸಿಲ್ಲ. ಪಕ್ಕದ ಮನೆಯ ಕಾನ್ವೆಂಟ್ ಹುಡುಗ ಪುಟಗಟ್ಟಲೆ ಬರೆಯುತ್ತಾನೆ. ಇವರು ವಾರವೆಲ್ಲ ಮಾಡುವುದಾದರೂ ಏನು?

ಉತ್ತರ: ನಿಮ್ಮ ಮಗಳು ಕೂತಿರುವುದು ನಲಿಕಲಿ ತರಗತಿಯಲ್ಲಿ; ಅಂದರೆ ಹಾಡು, ಆಟ, ಕಾರ್ಡುಗಳ ಮೂಲಕ ಪ್ರತಿ ಮಗುವೂ ತನ್ನದೇ ವೇಗದಲ್ಲಿ ಕಲಿಯುವ ಪದ್ಧತಿ. ಮೊದಲು ಅ ಆ ಇ ಈ ವಿಚಾರವನ್ನೇ ಮುಗಿಸೋಣ. ಹೆಚ್ಚಿನ ಅಪ್ಪ ಅಮ್ಮಂದಿರ ತಳಮಳ ಇರುವುದೇ ಅಲ್ಲಿ.

ನಲಿಕಲಿಯಲ್ಲಿ ಅಕ್ಷರ ಶುರುವಾಗುವುದು ರ, ಗ, ಸ, ದ, ಅ ಇಂದ. ಆಮೇಲೆ ಜ, ವ, ಮ, ಬ, ನ. ವರ್ಣಮಾಲೆಯನ್ನು ಜೋಡಿಸಿರುವುದು ಉಚ್ಚಾರಣೆಯ ಲೆಕ್ಕದಲ್ಲಿ. ಬಾಯಿಪಾಠಕ್ಕೆ ಅದು ಚೆಂದ. ಆದರೆ ಬರೀ ಸ್ವರಗಳನ್ನು ಕಲಿತ ಮಗು ಓದುವುದೇನನ್ನು? ಕನ್ನಡದಲ್ಲಿ ಸ್ವರಾಕ್ಷರ ಬರುವುದು ಬಹುಮಟ್ಟಿಗೆ ಪದದ ಮೊದಲಿಗೆ ಮಾತ್ರ, ಉಳಿದ ಪದಕ್ಕೆ ವ್ಯಂಜನ ಬೇಕೇ ಬೇಕು. ಏಳನೆಯ ಜಾಗಕ್ಕೆ ಋ ಬಂದು ಕೂರುತ್ತದೆ. ಆರು ವರ್ಷದ ಮಗು ಋಷಿಯನ್ನು ಗೋಡೆಯ ಚಾರ್ಟಿನಲ್ಲಲ್ಲದೆ ಇನ್ನೆಲ್ಲಿ ಕಂಡೀತು? ಅದೇ ರ ಗ ಸ ದ ಅ ಹಿಡಿದರೆ ಸರ, ದರ, ಅರಸ, ಅಗಸ, ದಸರ, ಗರಗಸ ಎಲ್ಲ ಸಿಕ್ಕವು. ಕಾಗುಣಿತ ಬೇಡ, ಒತ್ತಕ್ಷರ ಬೇಡ. ಐದೇ ಅಕ್ಷರಕ್ಕೆ ಓದು ಶುರುವಾಯಿತು.

ಇನ್ನು ವಾರದ ಲೆಕ್ಕ. ತರಗತಿಯ ಗೋಡೆಯ ಮೇಲೆ ‘ಕಲಿಕಾ ಏಣಿ’ ಇರುತ್ತದೆ: ಕಲಿಯಬೇಕಾದದ್ದನ್ನೆಲ್ಲ ಮೆಟ್ಟಿಲು ಮೆಟ್ಟಿಲಾಗಿ, ಚಿಹ್ನೆ ಹಾಕಿ ತೋರಿಸುವ ಚಾರ್ಟು. ಮಗು ತನ್ನ ಮೆಟ್ಟಿಲು ಯಾವುದೆಂದು ಅಲ್ಲಿ ನೋಡಿ, ಅದೇ ಚಿಹ್ನೆಯ ಕಾರ್ಡನ್ನು ತಾನೇ ತೆಗೆದುಕೊಂಡು ತನ್ನ ಗುಂಪಿಗೆ ಹೋಗಿ ಕೂರುತ್ತದೆ. ಗುಂಪಿಗೆ ‘ತಟ್ಟೆ’ ಅನ್ನುವುದು ರೂಢಿ. ಸೋಮವಾರ ಹಾಡು, ಮಾತುಕತೆ ಆಗಿರಬಹುದು. ಮಾರನೆಯ ದಿನ ಟೀಚರ್ ಪಕ್ಕದಲ್ಲಿ ಕೂತು ‘ಗ’ ಪರಿಚಯ; ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ದೊಡ್ಡ ‘ಗ’ದ ಮೇಲೆ ಹುಣಸೆಬೀಜ ಜೋಡಿಸುತ್ತಾ ಕೈಗೆ ತಿರುವು ಕಲಿಸುವುದು. ಆಮೇಲೆ ಗೆಳೆಯರ ಜೊತೆ ಅಕ್ಷರದಾಟ, ಒಬ್ಬಳೇ ಕೂತು ಅಭ್ಯಾಸ ಪುಸ್ತಕ, ಕೊನೆಗೆ ಮೌಲ್ಯಮಾಪನದ ಕಾರ್ಡು. ಬಂದರೆ ಮುಂದಿನ ಮೆಟ್ಟಿಲು, ಬಾರದಿದ್ದರೆ ಅದನ್ನೇ ಇನ್ನೊಂದು ಬಗೆಯಲ್ಲಿ. ಒಬ್ಬರಿಗೆ ನಾಲ್ಕು ದಿನದ ಕೆಲಸ, ಇನ್ನೊಬ್ಬರಿಗೆ ಹದಿನೈದು ದಿನ. ಗಣಿತ, ಪರಿಸರ ಅಧ್ಯಯನವೂ ಹೀಗೇ. ಶನಿವಾರ ಬೆಳಗಿನ ಶಾಲೆ.

ಈ ಪದ್ಧತಿ ಶುರುವಾದದ್ದು 1995ರಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ. ಆಂಧ್ರದ ಋಷಿವ್ಯಾಲಿ ಶಾಲೆಯವರು ಹಳ್ಳಿ ಶಾಲೆಗಳಲ್ಲಿ ನಡೆಸುತ್ತಿದ್ದ ಕ್ರಮ ಅದಕ್ಕೆ ಮಾದರಿ. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಕೂಲಿಗೆ ಹೋಗುವ ತಂದೆತಾಯಿಯ ಜೊತೆ ಮಗುವೂ ಹೊರಟು ವಾರಗಟ್ಟಲೆ ಶಾಲೆ ತಪ್ಪುವ ಕಡೆ ಇದರ ಉಪಯೋಗ ಎದ್ದು ಕಾಣುತ್ತದೆ: ಮರಳಿ ಬಂದ ಮಗುವಿಗೆ ‘ಪಾಠ ಮುಂದೆ ಹೋಯ್ತು’ ಅನ್ನುವ ಮಾತಿಲ್ಲ, ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ.

ಹಾಗಂತ ಎಲ್ಲ ಕಡೆ ಚೆನ್ನಾಗೇ ನಡೆಯುತ್ತದೆ ಅನ್ನಲಾರೆ. ಎಷ್ಟೋ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ, ಟೀಚರ್ ಒಬ್ಬರೇ. ಅವರಿಗೆ ದಾಖಲೆ ಬರೆಯುವ ಕೆಲಸ ಹೆಚ್ಚಿದಷ್ಟೂ ಗೆಳೆಯರ ಗುಂಪಿನಲ್ಲಿ ಕಲಿಕೆ ನಿಂತು ನಕಲು ಶುರುವಾಗುತ್ತದೆ. ಕಾರ್ಡುಗಳು ಹರಿಯುತ್ತವೆ, ಕಳೆದೂ ಹೋಗುತ್ತವೆ. ನನ್ನ ಮಟ್ಟಿಗೆ ನೀವು ವಿಚಾರಿಸಬೇಕಾದದ್ದು ಇವನ್ನು, ವರ್ಣಮಾಲೆಯನ್ನಲ್ಲ.

ಕಾನ್ವೆಂಟ್ ಹುಡುಗನ ಪುಟಗಳ ಬಗ್ಗೆ ಒಂದು ಮಾತು: ನೋಡಿ ಬರೆಯುವುದು ಬೇರೆ, ಓದುವುದು ಬೇರೆ. ಮಗಳ ಮುಂದೆ ಒಂದು ಚೀಟಿಯಲ್ಲಿ ‘ಗರಗಸ’ ಅಂತ ಬರೆದಿಡಿ. ಚಿತ್ರ ಬೇಡ, ಸುಳಿವೂ ಬೇಡ. ಬಸ್ಸಿನ ಬೋರ್ಡಿನಲ್ಲಿ ‘ಸ’ ಎಲ್ಲಿದೆ ತೋರಿಸು ಅನ್ನಿ. ಸಂಜೆ ‘ಏನು ಬರೆಸಿದರು?’ ಬದಲು ‘ಇವತ್ತು ಯಾವ ಕಾರ್ಡು, ಯಾವ ತಟ್ಟೆ?’ ಅಂತ ಕೇಳಿದರೆ ಉತ್ತರ ಉದ್ದಕ್ಕೆ ಬರುತ್ತದೆ.

ಶನಿವಾರ ಕರೆದುಕೊಂಡು ಬರಲು ಹೋದಾಗ ಅವಳು ಏಣಿಯಲ್ಲಿ ಎಲ್ಲಿದ್ದಾಳೆ ಅಂತ ಅವಳ ಕೈಯಲ್ಲೇ ತೋರಿಸಿಕೊಳ್ಳಿ. ತಿಂಗಳಾದರೂ ಮೆಟ್ಟಿಲು ಕದಲದಿದ್ದರೆ, ಅವಳು ಟೀಚರ್ ಪಕ್ಕದ ಗುಂಪಿನಲ್ಲಿ ಕಳೆದ ಸಲ ಕೂತದ್ದು ಯಾವಾಗ ಅಂತ ಅವರನ್ನೇ ಕೇಳಿ.